ಅವ್ವನ ಕೈಯೆತ್ತರದ ದೀಪ

ಮನೆ ಕಟ್ಟಿಸುತ್ತಿದ್ದೀರಾ? ಒಳಗಿನ ದೀಪಗಳ ವಿಷಯದಲ್ಲಿ ಏನು ಬೇಕಾದರೂ ನನ್ನನ್ನು ಕೇಳಿ. ಅಡುಗೆಮನೆಯ ಬಲ್ಬು ಒಲೆಯ ಮುಂದೆ ಕುಳಿತವರ ಬೆನ್ನಿಗೆ ಬರಬಾರದು. ಬಂದರೆ ಅವರ ನೆರಳೇ ಸಾರಿನ ಪಾತ್ರೆಯಲ್ಲಿ ಬೀಳುತ್ತದೆ. ಸ್ವಿಚ್ಚು ಬಾಗಿಲ ಹಿಂದೆ ಅಡಗಬಾರದು. ಇಂಥವೆಲ್ಲ ನನಗೆ ಬಾಯಿಪಾಠ. ಹೊರಗಿನ ದೀಪದ ಮಾತು ಮಾತ್ರ ತೆಗೆಯಬೇಡಿ. ತೆಗೆದರೆ ನಾನು ಒಂದು ಸುತಳಿಯ ಕಥೆ ಹೇಳಲು ಕೂಡುತ್ತೇನೆ. ನಿಮ್ಮ ವೈರ್‌ಮನ್ ಅಷ್ಟು ಹೊತ್ತು ಏಣಿಯ ಮೇಲೆ ನಿಂತು ಬೀಡಿ ಸೇದಬೇಕಾಗುತ್ತದೆ. ಹೋದ ತಿಂಗಳು ಖಾದರ್ ಹಾಗೆಯೇ ನಿಂತಿದ್ದ.

ಖಾದರ್ ಚಿತ್ತಾಪುರದವನು. ಸೇಡಂ ಕಡೆಯೆಲ್ಲ ಒಳ್ಳೆಯ ವೈರ್‌ಮನ್ ಎಂದು ಹೆಸರು. ನಾನು ಶಹಾಬಾದಿನ ಒಂದು ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಮೂವತ್ತು ಚಿಲ್ಲರೆ ವರ್ಷ ಹಾಜರಿ ಬರೆದು ನಿವೃತ್ತನಾದವನು. ಸೇಡಂನಲ್ಲಿ ಸಣ್ಣದೊಂದು ಜಾಗ ತೆಗೆದುಕೊಂಡು ಮೂರು ಕೋಣೆಯ ಮನೆ ಎಬ್ಬಿಸಿದ್ದೇನೆ. ಕಾರ್ಖಾನೆಯ ಸೈರನ್ನಿಗೆ ನಮ್ಮ ಕಡೆ ಭೋಂಗಾ ಎನ್ನುತ್ತಾರೆ. ಆ ಭೋಂಗಾ ಕೂಗಿದಾಗ ಎದ್ದು, ಕೂಗಿದಾಗ ಉಂಡು, ಕೂಗಿದಾಗ ಗಡಿಯಾರ ನೋಡಿಕೊಂಡು ಬದುಕಿದ ಮೈ ಇದು. ಈಗ ಭೋಂಗಾ ಕೇಳಿಸದ ಊರಿಗೆ ಬಂದಿದ್ದರೂ ಆರಕ್ಕೆ ಏಳುತ್ತೇನೆ, ಆರೂಕಾಲಿಗೆ ಗಡ್ಡ, ಏಳಕ್ಕೆ ಚಹಾ. ಚಹಾ ಏಳೂ ಹತ್ತಕ್ಕೆ ಬಂದ ದಿನ ನಮ್ಮ ಮನೆಯವರು ತಾವೇ ಮೊದಲು "ಲೇಟ್ ಮಾರ್ಕ್ ಹಾಕ್ಕೊಳ್ರಿ" ಎಂದು ಕಪ್ಪು-ಬಸಿ ಕುಕ್ಕಿ ಹೋಗುತ್ತಾರೆ.

ಇಂಥವನು ಮನೆಯ ವೈರಿಂಗಿಗೆ ಒಂದು ರಿಜಿಸ್ಟರ್ ಮಾಡದೆ ಇರುತ್ತಾನೆಯೇ? ಮಾಡಿದ್ದೆ. ಕ್ರಮಸಂಖ್ಯೆ, ಸ್ಥಳ, ದೀಪದ ಬಗೆ, ನೆಲದಿಂದ ಎತ್ತರ, ಹಚ್ಚುವ ವೇಳೆ, ಆರಿಸುವ ವೇಳೆ, ಷರಾ. ಖಾದರ್ ಅದನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ.

"ಸಾಬ್ರೇ, ಇದು ಮನಿ ವೈರಿಂಗ್ ಏನ್ರಿ, ಫ್ಯಾಕ್ಟ್ರಿ ಹಾಜರಿ ಏನ್ರಿ?"

"ಎರಡೂ ಒಂದೇ. ಯಾವುದು ಎಲ್ಲಿ ಇರಬೇಕೋ ಅಲ್ಲಿ ಇರಬೇಕು."

"ಬರೋಬರಿ ಅದ. ಖರೆ ಹದಿನೆಂಟನೇದು ಖಾಲಿ ಬಿಟ್ಟೀರಲ್ಲ. ಹೊರಗಿನ ಲೈಟ್. ಎತ್ತರ ಎಷ್ಟು ಅಂತ ಬರದೇ ಇಲ್ಲ. ನಾನೇ ಬರ್ಕೊಳ್ಳಲೇನ್ರಿ, ಒಂಬತ್ತು ಫೂಟ್?"

"ತಡಿ" ಎಂದೆ. ಕೈ ಜೇಬಿಗೆ ಹೋಯಿತು. ಜೇಬಿನಲ್ಲಿ ಸುತಳಿ ಇತ್ತು.

ಆ ಸುತಳಿ ಎಲ್ಲಿಂದ ಬಂತು ಎಂದು ಮೊದಲು ಹೇಳಬೇಕು. ನನ್ನ ಅಣ್ಣ ಭೀಮಣ್ಣ ಕಲ್ಲುಕುಟಿಗ. ಮದುವೆಯಾದ ಮೇಲೆ ಚಿಂಚೋಳಿ ಕಡೆ ಹೋಗಿ ಅಲ್ಲಿಯೇ ನಿಂತ. ಅವನು ತೀರಿಕೊಂಡು ವರ್ಷವಾಯಿತು. ವರ್ಷದ ದಿನ ಹೋದಾಗ ಅವನ ಹೆಂಡತಿ, ನಮ್ಮ ವೈನಿ, ಒಂದು ಗೋಣಿಚೀಲ ತಂದು ನನ್ನ ಮುಂದಿಟ್ಟರು. ಒಳಗೆ ಸುತ್ತಿಗೆ, ಕಲ್ಲು ಕೊರೆಯುವ ಮೂರು ಚಾಣ, ತುದಿ ಸವೆದ ಒಂದು ಗುದ್ದಲಿ. "ಇದರಾಗ ನಿಮ್ಮದು ಒಂದು ಅದ ಅಂತಿದ್ರು. ತಮ್ಮ ಸ್ವಂತ ಮನಿ ಕಟ್ಟಸೋವಾಗ ಕೊಡು ಅಂತಿದ್ರು" ಎಂದರು ವೈನಿ. ನಾನು ಚೀಲ ಬೋರಲು ಹಾಕಿದೆ. ತಳದಲ್ಲಿ ಎಣ್ಣೆಬಟ್ಟೆಯಲ್ಲಿ ಸುತ್ತಿದ ಒಂದು ಸುತಳಿ. ಎರಡು ಗಂಟು. ಗಂಟು ನಾನೇ ಹಾಕಿದ್ದು. ನನ್ನ ಗಂಟು ನನಗೆ ಗೊತ್ತು. ಹಾಜರಿ ಕಾರ್ಡುಗಳ ಕಟ್ಟಿಗೆ ದಿನಕ್ಕೆ ಇಪ್ಪತ್ತು ಸಲ ಹಾಕುತ್ತಿದ್ದ ಗಂಟು ಅದು.

ನಮ್ಮೂರು ಶಹಾಬಾದ್ ಪಕ್ಕದ ಭಂಕೂರ. ಅಲ್ಲಿ ನೆಲ ಕೆದರಿದರೆ ಫರಸಿ ಕಲ್ಲು. ಬುಟ್ಟಿಯಲ್ಲಿ ರೊಟ್ಟಿ ಪೇರಿಸಿಟ್ಟ ಹಾಗೆ ಪದರು ಪದರಾಗಿ ಮಲಗಿರುತ್ತದೆ. ಎಬ್ಬಿಸಿ ತಂದರೆ ಮನೆಯಾಯಿತು. ನೆಲ ಅದೇ, ಮಾಡು ಅದೇ, ಗೋಡೆ ಅದೇ, ದನ ನೀರು ಕುಡಿಯುವ ಬಾನಿ ಅದೇ. ನಾವು ಕಲ್ಲಿನ ಮೇಲೆ ಹುಟ್ಟಿ ಕಲ್ಲಿನ ಕೆಳಗೆ ಮಲಗಿ ಬೆಳೆದವರು. ಬೇಸಿಗೆಯ ಸಂಜೆ ಕಾದ ಮಾಡಿನ ಮೇಲೆ ಅವ್ವ ನೀರು ಚಿಮುಕಿಸಿದರೆ ಚುಂಯ್ ಎಂದು ಒಂದು ವಾಸನೆ ಏಳುತ್ತಿತ್ತು. ಮಣ್ಣಿನ ವಾಸನೆಯಲ್ಲ, ಬಿಸಿ ಕಲ್ಲಿನದೇ ವಾಸನೆ. ಅದನ್ನು ನಾನು ಇನ್ನೊಬ್ಬರಿಗೆ ತಿಳಿಸಿ ಹೇಳಲು ನೋಡಿ ಸೋತಿದ್ದೇನೆ. ಸೇಡಂನ ಈ ಮನೆಗೆ ಸಿಮೆಂಟಿನ ಮಾಡು. ನಾನು ನೀರು ಹಾಕಿ ನೋಡಿದೆ. ಬರೀ ಒದ್ದೆಯಾಯಿತು.

ಹೈದರಾಬಾದ್ ಸರ್ಕಾರ ಹೋಗಿ ನಾವು ಮೈಸೂರು ರಾಜ್ಯಕ್ಕೆ ಸೇರಿದ ಹೊಸದು. ಭಂಕೂರಿಗೆ ಕರೆಂಟು ಬರುತ್ತದೆ ಎಂಬ ಸುದ್ದಿ ಹಬ್ಬಿತು. ಕರೆಂಟು ಬರಲಿಲ್ಲ, ಕಂಬಗಳು ಬಂದವು. ದಾರಿಯ ಪಕ್ಕಕ್ಕೆ ಸಾಲಾಗಿ ಉರುಳಿಸಿ ಹೋದರು. ಅವುಗಳ ಮೇಲೆ ಕುಳಿತು ಊರಿನ ಗಂಡಸರು ಮಾತಾಡಿದರು, ಹೆಂಗಸರು ಕೌದಿ ಒಣಗಿಸಿದರು, ಆಡುಗಳು ಹತ್ತಿ ಇಳಿದವು. ಒಂದು ಮಳೆಗಾಲ ಹೋಯಿತು. ಊರಿಗೆ ಊರೇ ಅದು ಬರುವುದಿಲ್ಲ ಬಿಡು ಎಂದಿತು. ನಮ್ಮ ಅಪ್ಪ ಒಬ್ಬನೇ ನಂಬಿದ್ದ. "ಕಂಬ ಮಲಗ್ಯಾವ ಅಂದ್ರ ಒಂದಿನ ಏಳತಾವ" ಎನ್ನುತ್ತಿದ್ದ.

ಅದೇ ಸಮಯಕ್ಕೆ ಹಳೆಯ ಮನೆ ಕೆಡವಿ ಹೊಸದು ಕಟ್ಟುತ್ತಿದ್ದೆವು. ಅಣ್ಣನ ಮದುವೆ ಆ ಮನೆಯಲ್ಲೇ ಆಗಬೇಕು ಎಂದು ಅಪ್ಪನ ಹಟ. ತಲೆಬಾಗಿಲ ಬಲಕ್ಕೆ ಆಳೆತ್ತರ ಮೀರಿದ ಒಂದೇ ಫರಸಿ ನಿಲ್ಲಿಸುವುದು, ಅದು ಮನೆಯ ಮುಖ. ಕಲ್ಲಿನ ಮನೆಯಲ್ಲಿ ಒಂದು ಕಟ್ಟುನಿಟ್ಟು ಇದೆ. ತೂತು ಬೇಕಿದ್ದರೆ ಕಲ್ಲು ಮಲಗಿರುವಾಗಲೇ ಕೊರೆಯಬೇಕು. ನಿಲ್ಲಿಸಿದ ಮೇಲೆ ಬಡಿದರೆ ಪದರು ಬಿಟ್ಟು ಸೀಳುತ್ತದೆ. ಹೀಗಾಗಿ ತಂತಿಯೇ ಬಾರದ ಊರಿನಲ್ಲಿ, ದೀಪ ಎಲ್ಲಿ ಉರಿಯಬೇಕೆಂದು ನಾವು ಮುಂಚೆಯೇ ನಿಶ್ಚಯ ಮಾಡಬೇಕಾಯಿತು. ಅಪ್ಪ ನನ್ನನ್ನು ಕರೆದ. ನಾನು ಮ್ಯಾಟ್ರಿಕ್, ಕಾರ್ಖಾನೆ ಸೇರಿ ನಾಲ್ಕು ವರ್ಷ, ಮನೆಯಲ್ಲಿ ಒಬ್ಬನೇ ಓದಿದವನು.

"ನೀ ದಿನಾ ಕರೆಂಟಿನ ಕೆಳಗ ಕುಂತು ಬರೀತಿ. ಎಲ್ಲೆಲ್ಲಿ ಏನ್ ಬೇಕೋ ನೀನೇ ನೋಡು" ಎಂದ.

ನನಗೆ ರೆಕ್ಕೆ ಮೂಡಿತು. ಚೌಕುಳಿ ಕಾಗದದ ಮೇಲೆ ಮನೆಯ ನಕ್ಷೆ ಬರೆದೆ. ಪಡಸಾಲೆಗೆ ಒಂದು, ಅಡುಗೆಗೆ ಒಂದು, ಹೊರಗೆ ಕಟ್ಟೆಗೆ ಒಂದು. ಹೊರಗಿನದರ ಎತ್ತರ ಕೇಳಲು ಅವ್ವನ ಹತ್ತಿರ ಹೋದೆ. ದೀಪ ಹಚ್ಚುವವಳು ಅವಳಲ್ಲವೇ? ನೋಡಿ, ನನ್ನ ಕ್ರಮಬದ್ಧತೆ ಎಷ್ಟರಮಟ್ಟಿಗಿತ್ತು.

ನಮ್ಮ ಅವ್ವ ಗಿಡ್ಡಿ. ಕಟ್ಟೆಯ ಮುಂದೆ ನಿಲ್ಲಿಸಿ, "ಅವ್ವಾ, ಕೈ ಎತ್ತು" ಎಂದೆ.

"ಯಾಕೋ, ಪೊಲೀಸರಂಗ ಕೈ ಎತ್ತಸ್ತಿ?"

"ದೀಪ ಎಲ್ಲಿ ಇದ್ರ ನಿನಗ ಅನುಕೂಲ, ತೋರ್ಸು."

ಅವಳು ಸುಮ್ಮನೆ ಕೈ ಎತ್ತಿದಳು. ಕಂದೀಲು ಮೊಳೆಗೆ ಸಿಗಿಸುವಾಗ ಎತ್ತುತ್ತಾಳಲ್ಲ, ಹಾಗೆ, ತಲೆಗಿಂತ ಒಂದು ಗೇಣು ಮೇಲೆ. ಸುತಳಿಯ ಒಂದು ತುದಿಗೆ ಗಂಟು ಹಾಕಿ ಅವಳ ಕಾಲಿನ ಹೆಬ್ಬೆರಳ ಕೆಳಗೆ ಒತ್ತಿ ಹಿಡಿಸಿದೆ. ಇನ್ನೊಂದು ಗಂಟನ್ನು ಎತ್ತಿದ ಕೈಬೆರಳ ತುದಿಯಲ್ಲಿ ಹಾಕಿದೆ. "ಇಷ್ಟಿದ್ರ ಸಾಕು, ದಿನಾ ಇಳಿಸಿ ಏರಿಸಲಿಕ್ಕ ಸಸಾರ" ಎಂದಳು ಅವ್ವ. ನಾನೂ ತಲೆದೂಗಿದೆ. ಬಲ್ಬನ್ನು ದಿನಾ ಇಳಿಸುವುದಿಲ್ಲ, ಅದರ ಬುರುಡೆಯ ಕಾಡಿಗೆ ಒರೆಸುವುದಿಲ್ಲ, ಬತ್ತಿ ಕತ್ತರಿಸುವುದಿಲ್ಲ ಎಂಬುದು, ದಿನಾ ಎಂಟು ತಾಸು ಬಲ್ಬಿನ ಕೆಳಗೆ ಕೂಡುವ ನನಗೆ ಹೊಳೆಯಲೇ ಇಲ್ಲ. ಹುಟ್ಟಿದಾಗಿನಿಂದ ಕಂದೀಲು ಕಂಡವನಿಗೆ ಹೊರಗಿನ ದೀಪ ಎಂದರೆ ಅವ್ವನ ಕೈಗೆ ಸಿಗುವ ವಸ್ತು.

ಸೈಕಲ್ ಹತ್ತಿ, ಅಣ್ಣ ಕಲ್ಲು ಎಬ್ಬಿಸುವ ಖಣಿಗೆ ಹೋದೆ. ಅಣ್ಣ ಸುತಳಿಯನ್ನು ಕಲ್ಲಿನ ಮೇಲೆ ಹಾಸಿ, ನೆಲದೊಳಗೆ ಹೂಳುವ ಪಾಲು ಬಿಟ್ಟು, ಗಂಟಿನ ಮೇಲೆ ಬೆರಳಿಟ್ಟು ನನ್ನ ಕಡೆ ನೋಡಿದ.

"ಇಷ್ಟೇ ಏನೋ, ಟೈಮ್ ಸಾಹೇಬ? ಕಮ್ಮಿ ಅನಸಲಿಕತ್ತದಲ್ಲ."

ನನ್ನನ್ನು ಅವನು ಕರೆಯುತ್ತಿದ್ದದ್ದೇ ಹಾಗೆ. ನಾನು ಎದೆ ಉಬ್ಬಿಸಿ, "ಅಳತಿ ಅಂದ್ರ ಅಳತಿ ಅಣ್ಣಾ. ನಾ ಖುದ್ದ ನಿಂತು ತಗೊಂಡೀನಿ" ಎಂದೆ.

"ಆಯ್ತಪ್ಪ, ಓದಿದವ ನೀನು" ಎಂದು ಚಾಣ ತೆಗೆದುಕೊಂಡ.

ಕೈಯಿಂದ ತೂತು ಕೊರೆಯುವುದು ಹುಡುಗಾಟವಲ್ಲ. ಒಂದು ಪೆಟ್ಟು, ಕಾಲುತಿರುವು, ನೀರು, ಮತ್ತೊಂದು ಪೆಟ್ಟು. ಎರಡು ದಿನ ಹಿಡಿಯಿತು. ಒಂದು ಚೂರು ಪದರು ಏಳದಂತೆ, ಬಳೆಯ ಹಾಗೆ ದುಂಡಗೆ ಕೊರೆದಿದ್ದ.

ಕಲ್ಲು ನಿಲ್ಲಿಸುವ ದಿನ ಎಂಟು ಜನ ಹಗ್ಗ ಹಿಡಿದರು. ಅದು ಎದ್ದು ನಿಂತು ಮಣ್ಣು ತುಂಬಿದ ಮೇಲೆ ಅಪ್ಪ ನಾಲ್ಕು ಹೆಜ್ಜೆ ಹಿಂದೆ ಹೋಗಿ, ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದ. ಅವನ ಗದ್ದದ ಮಟ್ಟಕ್ಕೆ ತೂತು.

"ಏನೋ ಭೀಮ್ಯಾ, ದೀಪಕ್ಕ ತೂತು ಹೊಡಿ ಅಂದ್ರ ಎಮ್ಮಿ ಕಟ್ಟಲಿಕ್ಕ ಹೊಡದೀಯೇನೋ?"

"ಎಮ್ಮಿ ಅಲ್ಲ ಯಜಮಾನ್ರ, ಕರಾ ಕಟ್ಟಲಿಕ್ಕ ಸಾಕು ಅದು" ಎಂದ ಹಗ್ಗ ಹಿಡಿದವರಲ್ಲೊಬ್ಬ. ಎಲ್ಲರೂ ನಕ್ಕರು. ಅಪ್ಪ ನಗಲಿಲ್ಲ. "ಹತ್ತು ವರ್ಷ ಖಣಿಯಾಗ ಮಣ್ಣ್ ತಿಂದಿಯೇನು? ಮನಿ ಮಾರಿಗೆ ಕಳಂಕ ತಂದಿ" ಎಂದ. ಹಾಗೆಂದದ್ದು ಮದುವೆಗೆ ನಿಂತ ಮಗನಿಗೆ, ಎಂಟು ಜನರ ಮುಂದೆ.

ಅಣ್ಣ ಟವೆಲಿನಿಂದ ಮುಖ ಒರೆಸಿಕೊಂಡ. ಸುತಳಿಯ ತುದಿ ಅವನ ಅಂಗಿಯ ಜೇಬಿನಿಂದ ಹೊರಗೆ ಇಣುಕುತ್ತಿತ್ತು. ತೆಗೆದು ತೋರಿಸಿದ್ದರೆ ಮುಗಿದುಹೋಗುತ್ತಿತ್ತು. ಅವನು ನನ್ನ ಕಡೆ ಒಂದು ಸಲ ನೋಡಿದ, ಎರಡು ಬೆರಳಿನಿಂದ ಸುತಳಿಯನ್ನು ಜೇಬಿನೊಳಗೆ ಒತ್ತಿದ. ನನ್ನ ಕೈಯಲ್ಲಿ ಚೌಕುಳಿ ಕಾಗದ. "ಎಲ್ಲಾರಿಗೂ ಚಾ ತರ್ತೀನಿ" ಎಂದು ಒಳಗೆ ಹೋದೆ. ಜೀವನದಲ್ಲಿ ಅಷ್ಟು ಕ್ರಮವಾಗಿ ಚಹಾ ಸೋಸಿದ್ದು ಅದೊಂದೇ ಸಲ. ಒಂದು ಹನಿ ಹೊರಗೆ ಬೀಳಲಿಲ್ಲ.

ನಮ್ಮ ಮನೆಗೆ ಊರಲ್ಲಿ ಎಮ್ಮಿ ತೂತಿನ ಮನಿ ಎಂದೇ ಹೆಸರಾಯಿತು. ಮದುವೆ ಆಯಿತು, ಚೆನ್ನಾಗಿಯೇ ಆಯಿತು. ಆಮೇಲೆ ಕೆಲವು ತಿಂಗಳಿಗೆ ಅಣ್ಣ ಚಿಂಚೋಳಿ ಕಡೆ ಕೆಲಸ ಚೆನ್ನಾಗಿದೆ ಎಂದು ವೈನಿಯನ್ನು ಕರೆದುಕೊಂಡು ಹೋದ. ತೂತಿನ ಕಾರಣಕ್ಕೇ ಹೋದನೇ? ನನಗೆ ಗೊತ್ತಿಲ್ಲ. ಅಲ್ಲಿ ಕೆಲಸ ಇದ್ದದ್ದೂ ನಿಜ. ಆದರೆ ಖಣಿಯಲ್ಲಿ ಅವನನ್ನು ಕಂಡಾಗಲೆಲ್ಲ ಮಂದಿ ದನದ ಕಣ್ಣಿ ಬೇಕೇನು ಎಂದು ಕೇಳುತ್ತಿದ್ದದ್ದೂ ನಿಜ.

ಅವನು ಹೋದ ಮರುವರ್ಷ ಕಂಬಗಳು ಎದ್ದವು. ಅಪ್ಪ ಊರೆಲ್ಲ ತಿರುಗಿ "ನಾ ಅಂದಿದ್ದಿಲ್ಲೇನು?" ಎಂದು ಬಂದ. ತೂತಿನೊಳಗೆ ಪೈಪು ತೂರಿಸಿ, ಅದರ ಬಾಯಿಗೆ ಹೊರಗೆ ಹಸಿರು, ಒಳಗೆ ಬಿಳಿ ಬಣ್ಣದ, ಟೋಪಿಗೆ ಎನ್ನುವ ತಗಡಿನ ಮುಚ್ಚಳ ಸಿಗಿಸಿ, ನಲವತ್ತು ಕ್ಯಾಂಡಲಿನ ಬಲ್ಬು ಹಾಕಿದರು. ಮೊದಲ ಸಂಜೆ ಗುಂಡಿ ಒತ್ತಿದಾಗ ಒಂದು ವಿಚಿತ್ರ ಕಂಡೆವು. ಟೋಪಿಗೆಯ ಮೇಲೆಲ್ಲ ಕತ್ತಲು. ಕೆಳಗೆ ನೆಲದ ಮೇಲೆ ಎತ್ತಿನ ಗಾಡಿಯ ಗಾಲಿಯಷ್ಟು ಒಂದು ಬೆಳಕಿನ ಚಕ್ರ. ಅದರೊಳಗೆ ಬಂದವರಿಗೆ ಕಾಲು ಇರುತ್ತಿತ್ತು, ಮುಖ ಇರುತ್ತಿರಲಿಲ್ಲ.

ಹೀಗೆ ನಾವು ಮಂದಿಯನ್ನು ಕಾಲಿನಿಂದ ಗುರುತಿಸುವವರಾದೆವು. ಸಾಲಿ ಮಾಸ್ತರರಿಗೆ ಸುಣ್ಣ ಬಳಿದಂಥ ಕ್ಯಾನ್ವಾಸ್ ಬೂಟು. ಟಪಾಲಿನವರಿಗೆ ಒಂದು ಚಪ್ಪಲಿ ಕರಿದು, ಒಂದು ಕೆಂಪು. ತಂಗಿಯನ್ನು ನೋಡಲು ತೆಂಗಳಿಯಿಂದ ಗಂಡಿನವರು ಬಂದಾಗ ಅವ್ವ ಹುಡುಗನ ಮುಖ ನೋಡುವ ಮೊದಲೇ ಒಳಗೆ ಬಂದು ಪಿಸುಗುಟ್ಟಿದಳು: "ಚಪ್ಪಲಿ ಜೋಡಿ ಮಾಡಿ ಬಿಟ್ಟಾನ. ಹುಡುಗ ಛಲೋ ಅದಾನ." ಅದೇ ಹೊತ್ತಿಗೆ ಹೊರಗೆ ಠಣ್ ಎಂದು ಸದ್ದಾಯಿತು. ಹುಡುಗನ ಸೋದರಮಾವನ ರುಮಾಲು ಟೋಪಿಗೆಗೆ ತಾಗಿ ಕಟ್ಟೆಯ ಮೇಲೆ ಬಿದ್ದಿತ್ತು. ಎತ್ತರದವರೆಲ್ಲ ನಮ್ಮ ಮನೆಗೆ ಬಂದರೆ ಒಂದು ಠಣ್ ಕೊಟ್ಟೇ ಒಳಗೆ ಬರುವುದು. ಆ ಸದ್ದು ಕೇಳಿದರೆ ಅವ್ವ, ಪೆಟ್ಟು ತಿಂದವರ ಸಮಾಧಾನಕ್ಕೆ, ಎರಡನೆಯ ಸಲ ಚಹಾಕ್ಕೆ ನೀರಿಡುತ್ತಿದ್ದಳು.

ಅವಳಂತೂ ಸುಖವಾಗಿದ್ದಳು. ಇಡೀ ಭಂಕೂರದಲ್ಲಿ ಉಳಿದ ಹೊರದೀಪಗಳಿಗೆಲ್ಲ ಹುಳ, ಧೂಳು, ಖಣಿಯ ಪುಡಿ ಕವಿದು ಹಳದಿಯಾದರೂ ನಮ್ಮದು ಲಕಲಕ ಎನ್ನುತ್ತಿತ್ತು. ದಿನಾ ಸಂಜೆ ಒಣ ಬಟ್ಟೆಯಿಂದ ಬಲ್ಬು ಒರೆಸಿಯೇ ಗುಂಡಿ ಒತ್ತುವುದು. ಮೊದಲು ಒರೆಸುವುದು, ಆಮೇಲೆ ಒತ್ತುವುದು ಎಂದು ನಾನು ನಿಯಮ ಮಾಡಿಕೊಟ್ಟಿದ್ದೆ. ಆರೂವರೆಗೆ ಹಚ್ಚಬೇಕು, ಎಂಟಕ್ಕೆ ಆರಿಸಬೇಕು ಎಂಬುದೂ ನನ್ನದೇ ನಿಯಮ. ಅದನ್ನು ಮಾತ್ರ ಅವಳು ಪಾಲಿಸಲಿಲ್ಲ. ಎಂಟಕ್ಕೆ ನಾನು ಎದ್ದರೆ ಅವಳದೊಂದು ಪ್ರಶ್ನೆ:

"ಎಲ್ಲಾರೂ ಬಂದ್ರೇನು?"

"ಬಂದ್ರು ಅವ್ವಾ."

"ಭೀಮ್ಯಾ?"

"ಅಂವ ಚಿಂಚೋಳಿ ಕಡಿ ಅದಾನಲ್ಲ."

"ಹಂಗಾದ್ರ ಇನ್ನೊಂದೀಟು ಹೊತ್ತು ಇರಲಿ ಬಿಡು."

ಕಟ್ಟೆಯ ಮೇಲೆ ಕುಳಿತು ಆ ಬೆಳಕಿನ ಚಕ್ರವನ್ನೇ ನೋಡುತ್ತಿದ್ದಳು. ಅಣ್ಣನ ಎಡಗಾಲ ಹೆಬ್ಬೆರಳಿಗೆ ಉಗುರಿರಲಿಲ್ಲ. ಹದಿನೆಂಟರ ವಯಸ್ಸಿನಲ್ಲಿ ಕಲ್ಲು ಬಿದ್ದು ಹೋಗಿತ್ತು.

ಒಂದು ಸಂಜೆ ಆ ಕಾಲು ಬಂತು. ನಾನು ಪಕ್ಕದಲ್ಲೇ ಇದ್ದೆ. ಮೊದಲು ಕೆಂಪು ಮಣ್ಣು ಮೆತ್ತಿದ ಪಾದ, ಆಮೇಲೆ ಆ ಬೋಳು ಹೆಬ್ಬೆರಳು. "ಭೀಮ್ಯಾ ಬಂದ" ಎಂದು ಅವ್ವ ಎದ್ದು ನಿಂತಳು. ಮುಖ ಇನ್ನೂ ಕತ್ತಲಲ್ಲಿತ್ತು. ಕತ್ತಲೊಳಗಿಂದಲೇ ಅವನ ನಗು ಕೇಳಿಸಿತು. "ಎಮ್ಮಿ ತೂತಿನ್ಯಾಗ ಬೆಳಕ ಬಂತಲ್ಲವ್ವಾ!" ಎಂದ. ಅವ್ವ ಅವನ ಮೊಣಕೈ ಹಿಡಿದು, "ಬರೋಬರಿ ಅದ ನೋಡು. ನನ್ನ ಕೈಗೆ ಸಿಗ್ತದ" ಎಂದಳು. ಒಳಗೆ ಅಪ್ಪ ಕೆಮ್ಮಿದ. ಹೊರಗೆ ಬರಲಿಲ್ಲ.

ಈಗ ಹೇಳಬೇಕು ಎಂದುಕೊಂಡೆ. ಅಳತೆ ನನ್ನದು, ಅಪ್ಪಾ ಹೊರಗೆ ಬಾ, ಎನ್ನಬೇಕು. ಬಾಯಿ ತೆರೆದೂ ಇದ್ದೆ. ಅಷ್ಟರಲ್ಲಿ ಶಹಾಬಾದಿನಿಂದ ಏಳರ ಭೋಂಗಾ ಕೂಗಿತು. ನಾನು ಕೈ ಎತ್ತಿ ಗಡಿಯಾರ ನೋಡಿಕೊಂಡೆ. ಒಂದು ನಿಮಿಷ ಮುಂದಿತ್ತು, ಸರಿಮಾಡಿದೆ. ತಲೆ ಎತ್ತುವಷ್ಟರಲ್ಲಿ ಅಣ್ಣ ಕಾಲು ತೊಳೆದು ಒಳಗೆ ಹೋಗಿದ್ದ. ಗಡಿಯಾರ ಸರಿಯಾಯಿತು, ಅಷ್ಟೇ.

ಅಪ್ಪನಿಗೆ ವಯಸ್ಸಾಯಿತು. ಕಣ್ಣಿಗೆ ಪೊರೆ ಬಂತು. ಎತ್ತರದ ದೀಪಗಳು ಅವನಿಗೆ ಹರಡಿದ ಹಿಟ್ಟಿನ ಹಾಗೆ ಕಾಣುತ್ತಿದ್ದವಂತೆ. ನಮ್ಮ ಕಟ್ಟೆಯ ಮೆಟ್ಟಿಲು ಮಾತ್ರ ಸ್ಪಷ್ಟ. ಬೆಳಕು ನೇರ ಅದರ ಮೇಲೆಯೇ ಬೀಳುತ್ತಿತ್ತಲ್ಲ. ಒಂದು ದಿನ ಕಟ್ಟೆಯ ಮೇಲೆ ಕುಳಿತವರ ಮುಂದೆ ಅವನು ಹೇಳುತ್ತಿದ್ದದ್ದು ಕೇಳಿ ನಾನು ಬಾಗಿಲಲ್ಲೇ ನಿಂತೆ.

"ನಮ್ಮ ಹಿರಿ ಮಗ ಭಾಳ ತಲಿ ಓಡಿಸಿ ಮಾಡ್ಯಾನ ಇದನ್ನ. ನಾ ಆವತ್ತು ತಿಳೀದ ಬೈದೆ. ಮುದುಕರಾದ ಮ್ಯಾಲ ಬೆಳಕ ಕಾಲಿಗೆ ಬೇಕು, ಮಾರಿಗೆ ಅಲ್ಲ. ಭೀಮ್ಯಾಗ ಆಗಲೇ ಅದು ಗೊತ್ತಿತ್ತು."

ನೋಡಿ ನನ್ನ ಪಾಡು. ಬೈಗುಳ ಬಂದಾಗ ಅದು ನನ್ನದೆಂದು ಹೇಳಲಿಲ್ಲ. ಹೊಗಳಿಕೆ ಬಂದಾಗ ಹೇಳಿದರೆ ಅಣ್ಣನ ಕೈಯಿಂದ ಕಸಿದುಕೊಂಡ ಹಾಗೆ. ಬಾಗಿಲಿನಿಂದಲೇ ಒಳಗೆ ತಿರುಗಿದೆ. ಅಪ್ಪ ಆ ಮಾತನ್ನು ಮೂರು ನಾಲ್ಕು ಸಲ ಆಡಿದ, ಬಂದ ಬಂದವರ ಮುಂದೆ ಆಡಿದ. ಅಣ್ಣ ಊರಿಗೆ ಬಂದಾಗ ಮಾತ್ರ ಆಡಲಿಲ್ಲ. ಆಗ ಕೆಮ್ಮುತ್ತಿದ್ದ.

ನಾನು ಪ್ರತಿ ತಿಂಗಳು ಮೊದಲ ಭಾನುವಾರ ಅಣ್ಣನಿಗೆ ಒಂದು ಕಾರ್ಡು ಬರೆಯುತ್ತಿದ್ದೆ, ತಪ್ಪದೆ. ಇಲ್ಲಿ ಎಲ್ಲರೂ ಕ್ಷೇಮ. ಮಳೆ ಸಾಧಾರಣ. ಎಮ್ಮೆ ಈದಿದೆ. ಅಪ್ಪನ ಕೆಮ್ಮು ಹಾಗೆಯೇ ಇದೆ. ಅಪ್ಪ ಹೀಗೆ ಅಂದ ಎಂಬ ಒಂದು ಸಾಲು ಬರೆಯಲು ಕಾರ್ಡಿನಲ್ಲಿ ಜಾಗ ಇರುತ್ತಿತ್ತು. ಬರೆಯಲು ಹೋದರೆ ಅದಕ್ಕಿಂತ ಮೊದಲು ಇನ್ನೊಂದು ಸಾಲು ಬರೆಯಬೇಕಾಗುತ್ತಿತ್ತು. ಆ ಜಾಗದಲ್ಲಿ ಜೋಳದ ಬೆಳೆಯ ಸ್ಥಿತಿ ಬರೆಯುತ್ತಿದ್ದೆ.

ಅಪ್ಪ ಹೋದ. ಅವ್ವನೂ ಹೋದಳು. ದಾರಿ ಅಗಲ ಮಾಡುವಾಗ ಮನೆಯ ಮುಂಭಾಗ ಹೋಯಿತು. ಆ ಫರಸಿ ಈಗ ಅಲ್ಲಿಯೇ ಚರಂಡಿಯ ಮೇಲೆ ಅಡ್ಡ ಮಲಗಿದೆ. ಮೊನ್ನೆ ಹೋದಾಗ ನೋಡಿದೆ. ತೂತು ಇನ್ನೂ ದುಂಡಗೇ ಇದೆ. ಒಂದು ಹೆಣ್ಣುಮಗು ಅದರೊಳಗೆ ಹರಳು ಹಾಕಿ, ಕೆಳಗೆ ನೀರಿನ ಸದ್ದು ಬರುತ್ತದೆಯೇ ಎಂದು ಕಿವಿಗೊಟ್ಟು ಕೇಳುತ್ತಿತ್ತು.

ಇದೆಲ್ಲವನ್ನೂ ನಾನು ಮೊದಲ ಬಾರಿಗೆ ಹೇಳಿದ್ದು ಖಾದರನಿಗೆ, ಅವನು ಏಣಿಯ ಮೇಲಿದ್ದಾಗ. ಅವನು ಬೀಡಿ ಮುಗಿಸಿ, ತುಂಡನ್ನು ಏಣಿಗೆ ಒರೆಸಿ ಆರಿಸಿ, ಕಿವಿಯ ಹಿಂದೆ ಸಿಗಿಸಿಕೊಂಡ.

"ಸಾಬ್ರೇ, ಇಷ್ಟು ಹಳೀ ಫಾಲ್ಟ್ ನಾ ಎಲ್ಲೂ ನೋಡಿಲ್ರಿ" ಎಂದ. ಆಮೇಲೆ ಕೆಳಗಿಳಿದು, ಕೈ ಚಾಚಿದ. "ಕೊಡ್ರಿ ಆ ಸುತಳಿ."

ನಮ್ಮ ಮನೆಯವರಿಗೆ ಗೇಟಿನ ಕಂಬಗಳ ಮೇಲೆ ಎರಡು ಬಿಳಿ ಗುಂಡುದೀಪ ಬೇಕಿತ್ತು, ಪಕ್ಕದ ಮನೆಯಲ್ಲಿದ್ದ ಹಾಗೆ. "ಬಾಗಿಲದಾಗ ಟೋಪಿಗಿ ತೂಗು ಹಾಕ್ತೀರಂತ? ಬಂದ ಬೀಗರ ಹಣಿ ಒಡೀಲಿಕ್ಕ?" ಎಂದರು. ಗುಂಡುದೀಪಗಳೂ ಬಂದವು, ಕ್ರಮಸಂಖ್ಯೆ ಹತ್ತೊಂಬತ್ತು ಮತ್ತು ಇಪ್ಪತ್ತು. ಹಸಿರು-ಬಿಳಿ ಟೋಪಿಗೆ ಈಗ ಸಿಗುವುದಿಲ್ಲ. ಖಾದರ್ ವಾಡಿಯ ಒಂದು ಹಳೆಯ ಅಂಗಡಿಯ ಅಟ್ಟದಿಂದ ಹುಡುಕಿ ತಂದ. ಬಾಗಿಲ ಬಲಕ್ಕೆ, ಗಂಟು ಹೇಳಿದ ಎತ್ತರಕ್ಕೆ ಸಿಗಿಸಿದ.

ಗೃಹಪ್ರವೇಶಕ್ಕೆ ವೈನಿ ಬಂದರು. ಊಟ ಮುಗಿದು, ಮಂದಿ ಹೋಗಿ, ಸಂಜೆ ಕಟ್ಟೆಯ ಮೇಲೆ ಕುಳಿತಿದ್ದೆವು. ಆರೂವರೆಗೆ ನಾನು ಗುಂಡಿ ಒತ್ತಲು ಎದ್ದರೆ ಅವರು "ತಡೀರಿ" ಎಂದು, ಕೈ ಎತ್ತಿ, ಸೆರಗಿನಿಂದ ಬಲ್ಬು ಒರೆಸಿದರು. ಅವ್ವನಿಂದ ಯಾವಾಗ ಕಲಿತರೋ. ಬೆಳಕು ಬಿತ್ತು. ಚಕ್ರದೊಳಗೆ ಅವರ ಕಾಲು, ಕಾಲುಂಗುರವಿಲ್ಲದ ಬೆರಳು.

"ವೈನಿ, ಒಂದು ಮಾತು ಹೇಳಬೇಕಿತ್ತು" ಎಂದೆ. "ಆ ಅಳತಿ ಅಣ್ಣಂದಲ್ಲ. ನಂದು."

ವೈನಿ ನಕ್ಕುಬಿಟ್ಟರು. "ಅಯ್ಯ, ಅದು ನನಗ ಗೊತ್ತಿಲ್ಲೇನು? ಮದುವಿಯಾದ ಹೊಸದರಾಗೇ ಹೇಳ್ಯಾರ. 'ನನ್ನ ತಮ್ಮ ಗ್ವಾಡಿ ಅಳೀಲಿಲ್ಲ, ಅವ್ವನ್ನ ಅಳದು ತಂದಾನ. ಅದನ್ನ ತಪ್ಪು ಅಂತ ಹ್ಯಾಂಗ ಅನ್ನಲಿ' ಅಂತಿದ್ರು. ಭಾಳ ನಗ್ತಿದ್ರು ಅದಕ್ಕ."

ಇಷ್ಟು ವರ್ಷ ಹೊತ್ತದ್ದು ಇಷ್ಟು ಹಗುರವೇ ಎನಿಸಿತು. ಆ ಹಗುರಿನಲ್ಲಿ ಉಳಿದದ್ದನ್ನೂ ಹೇಳಿದೆ. ಅಪ್ಪ ಆಡಿದ ಮಾತು, ಬೆಳಕು ಕಾಲಿಗೆ ಬೇಕು ಎಂದದ್ದು, ಹಿರಿ ಮಗ ತಲೆ ಓಡಿಸಿ ಮಾಡಿದ್ದಾನೆ ಎಂದದ್ದು. ವೈನಿಯ ನಗು ನಿಂತಿತು.

"ಮಾವ ಹಿಂಗ ಅಂದಿದ್ರೇನು?"

"ಮೂರು ನಾಕು ಸಲ."

"ಇವರಿಗೆ ಗೊತ್ತಿತ್ತೇನು?"

"ಇಲ್ಲ."

"ನಿಮ್ಮ ಕಾರ್ಡು ಬಂದ್ರ ಹುಡುಗರ ಕಡಿಂದ ಎರಡೆರಡು ಸಲ ಓದಸ್ತಿದ್ರು" ಎಂದರು. "ಮುಗದ ಮ್ಯಾಲ ಕೇಳ್ತಿದ್ರು, 'ಅಪ್ಪ ಏನರೆ ಅಂದಾನಂತೇನು, ಹಿಂದ ತಿರುಗಿಸಿ ನೋಡು' ಅಂತ."

ಕಾರ್ಡಿನ ಹಿಂದೆ ವಿಳಾಸ ಮಾತ್ರ ಇರುತ್ತದೆ. ಅದನ್ನೂ ನಾನು ದುಂಡಗೆ, ಗೆರೆ ಎಳೆದು ಬರೆಯುತ್ತಿದ್ದೆ.

ಎಂಟಾಯಿತು. ಯಾವ ಭೋಂಗಾವೂ ಕೂಗಲಿಲ್ಲ, ಆದರೂ ನನ್ನ ಕಾಲು ತಾನಾಗಿಯೇ ಎದ್ದಿತು. ಸ್ವಿಚ್ಚಿನ ಮೇಲೆ ಕೈಯಿಟ್ಟೆ. ಒಳಗಿನಿಂದ ನಮ್ಮ ಮನೆಯವರು, ಅವ್ವನ ಜೊತೆ ಹನ್ನೆರಡು ವರ್ಷ ಬಾಳಿದವರು, ಪಾತ್ರೆ ಎತ್ತಿಡುತ್ತ ಸುಮ್ಮನೆ ಕೇಳಿದರು:

"ಎಲ್ಲಾರೂ ಬಂದ್ರೇನ್ರಿ?"

ಸಾವಿರಾರು ಜನರ ಹಾಜರಿ ಬರೆದವನು ನಾನು. ಬಂದವರ ಮುಂದೆ ಗೆರೆ, ಬಾರದವರ ಮುಂದೆ ಸೊನ್ನೆ. ಎಂದೂ ಕೈ ತಡೆದಿರಲಿಲ್ಲ. ವೈನಿ ನನ್ನ ಕಡೆ ನೋಡಿದರು. ನಾನು ಸ್ವಿಚ್ಚಿನಿಂದ ಕೈ ತೆಗೆದು ಕಟ್ಟೆಗೆ ತಿರುಗಿದೆ. ತಿರುಗುವಾಗ ಹಣೆ ಟೋಪಿಗೆಗೆ ತಾಗಿ ಠಣ್ ಎಂದಿತು. ಬೆಳಕಿನ ಚಕ್ರ ನೆಲದ ಮೇಲೆ ಅತ್ತಿತ್ತ ತೂಗಿತು, ಯಾರೋ ಒಳಗೆ ಕಾಲಿಟ್ಟ ಹಾಗೆ. ಅದು ನಿಲ್ಲುವವರೆಗೆ ಇಬ್ಬರೂ ನೋಡುತ್ತ ಕುಳಿತೆವು.

ಮರುದಿನ ಏಳರ ಚಹಾ ಆದ ಮೇಲೆ ರಿಜಿಸ್ಟರ್ ತೆಗೆದೆ. ಕ್ರಮಸಂಖ್ಯೆ ಹದಿನೆಂಟು, ಹೊರಗಿನ ದೀಪ. ನೆಲದಿಂದ ಎತ್ತರ: ಅವ್ವನ ಕೈಯಷ್ಟು. ಹಚ್ಚುವ ವೇಳೆ: ಆರೂವರೆ. ಆರಿಸುವ ವೇಳೆ ಎಂಬಲ್ಲಿ ಎಂಟು ಎಂದು ಮೊದಲೇ ಬರೆದಿದ್ದೆ. ಅಳತೆಪಟ್ಟಿ ಇಟ್ಟು, ಅದರ ಮೇಲೆ ನೇರವಾಗಿ ಒಂದು ಗೆರೆ ಎಳೆದೆ.